ಕಂಡದ್ದನ್ನು ಬರೆಯುವುದಕ್ಕೂ ತರಬೇತಿ ಬೇಕು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನಡುವೆ ಮಾತು ಶುರುವಾದರೆ ಅದು ಕಟ್‌ಆಫ್, ವಯೋಮಿತಿ, ಕೆಪಿಎಸ್‌ಸಿಯ ಹೊಸ ಅಧಿಸೂಚನೆ, ಹಳೆಯ ಗೊಂದಲ ಇಷ್ಟರಲ್ಲೇ ಸುತ್ತುತ್ತದೆ. ಕನ್ನಡ ಅನುವಾದದ ತಪ್ಪುಗಳಿಂದಾಗಿ 2024ರ ಡಿಸೆಂಬರ್‌ನಲ್ಲಿ ಕೆಎಎಸ್ ಪೂರ್ವಭಾವಿ ಪರೀಕ್ಷೆಯನ್ನು ಎರಡನೇ ಸಲ ಬರೆಯಬೇಕಾಗಿ ಬಂದ ಮೇಲಂತೂ ಬೇರೆ ವಿಷಯಕ್ಕೆ ಜಾಗವೇ ಇಲ್ಲ. ಹುದ್ದೆ ಹೇಗೆ ಸಿಗುತ್ತದೆ ಎಂಬುದೇ ನಮಗೆ ದೊಡ್ಡ ಪ್ರಶ್ನೆ. ಸಿಕ್ಕ ಮೇಲೆ ಆ ಕುರ್ಚಿಯಲ್ಲಿ ಕೂತು ಏನು ಮಾಡಬೇಕು, ಅದನ್ನು ಕಲಿಸುವವರು ಯಾರು ಎಂದು ನಾವೂ ಕೇಳುವುದಿಲ್ಲ, ಕೋಚಿಂಗ್ ಸೆಂಟರಿನವರೂ ಹೇಳುವುದಿಲ್ಲ.

ಆ ಕುರ್ಚಿಗಳು ಯಾವುವು ಎಂದು ಸ್ವಲ್ಪ ನೋಡಿ. ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆಗೆ ಒಬ್ಬ ಸಹಾಯಕ ನಿರ್ದೇಶಕ. ಅಂಗನವಾಡಿಗಳಿಗೆಲ್ಲ ಮುಖ್ಯಸ್ಥರಾಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ. ಊರಿನ ನೀರು, ಚರಂಡಿ, ಪೌರಕಾರ್ಮಿಕರಿಗೆ ನಗರಸಭೆಯ ಪೌರಾಯುಕ್ತ. ಇವರ ಮೇಲೆ ಜಿಲ್ಲೆಯಲ್ಲಿ ಉಪನಿರ್ದೇಶಕರು, ಜಂಟಿ ನಿರ್ದೇಶಕರು. ಬಡವರ ಮನೆಗೆ ಸರ್ಕಾರ ಎಂಬುದು ತಲುಪುವುದಾದರೆ ಬಹುಪಾಲು ಈ ಬಾಗಿಲುಗಳಿಂದಲೇ. ಪಾಸಾದ ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗನೋ ಹುಡುಗಿಯೋ ಒಂದು ದಿನ ಬೆಳಿಗ್ಗೆ ಹಾಸ್ಟೆಲ್‌ಗಳಿಗೆ, ಅಂಗನವಾಡಿಗಳಿಗೆ, ನೂರಾರು ಸಿಬ್ಬಂದಿಗೆ ಯಜಮಾನರಾಗಿಬಿಡುತ್ತಾರೆ.

ತರಬೇತಿಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮೈಸೂರಿನಲ್ಲಿ ಆಡಳಿತ ತರಬೇತಿ ಸಂಸ್ಥೆ ಇದೆ. ಪಂಚಾಯಿತಿ ಮತ್ತು ಗ್ರಾಮೀಣಾಭಿವೃದ್ಧಿಯವರಿಗೆ ಅದೇ ಊರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ಸಂಸ್ಥೆ ಇದೆ. ಮಹಿಳಾ ಮತ್ತು ಮಕ್ಕಳ ಇಲಾಖೆಯವರಿಗಾಗಿ ಕೇಂದ್ರ ಸರ್ಕಾರದ ಸಂಸ್ಥೆಯೊಂದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ಪ್ರತಿ ಇಲಾಖೆಯೂ ತನ್ನ ಸಂಬಳದ ಬಜೆಟ್‌ನಲ್ಲಿ ಕನಿಷ್ಠ ಶೇ 2.5ರಷ್ಟನ್ನು ತರಬೇತಿಗೆಂದೇ ತೆಗೆದಿಡಬೇಕು ಎಂದು 2012ರ ರಾಷ್ಟ್ರೀಯ ತರಬೇತಿ ನೀತಿ ಹೇಳಿತು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಮಿಷನ್ ಕರ್ಮಯೋಗಿಗೆ ಒಪ್ಪಿಗೆ ಕೊಟ್ಟ ಮೇಲೆ ಮೊಬೈಲ್‌ನಲ್ಲೇ ಕೋರ್ಸ್ ಮುಗಿಸುವ ವ್ಯವಸ್ಥೆಯೂ ಬಂತು. 2024ರ ಅಕ್ಟೋಬರ್‌ನಲ್ಲಿ ನಡೆದ ಕರ್ಮಯೋಗಿ ಸಪ್ತಾಹದಲ್ಲಿ ಪ್ರತಿಯೊಬ್ಬರೂ ಕನಿಷ್ಠ ನಾಲ್ಕು ಗಂಟೆ ಕಲಿಯಬೇಕೆಂಬ ಗುರಿ ಇತ್ತು. ಗಂಟೆ ಎಣಿಸುವುದು ಸುಲಭ. ವಿಡಿಯೊ ಓಡಿಸಿಟ್ಟು ಟೀ ಕುಡಿದು ಬಂದರೂ ಗಂಟೆ ತುಂಬುತ್ತದೆ ಎಂದು ಆನ್‌ಲೈನ್ ಕ್ಲಾಸ್ ಕಾಲದ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ನನ್ನ ತಕರಾರು ಬೇರೆ. ಈ ತರಬೇತಿಗಳಲ್ಲಿ ನಾಯಕತ್ವ ಎಂಬ ಮಾತು ಬಂದಾಗಲೆಲ್ಲ ಸಮಯ ಪಾಲನೆ, ಒತ್ತಡ ನಿರ್ವಹಣೆ, ತಂಡ ಕಟ್ಟುವುದು, ಸಂವಹನ ಕೌಶಲ ಎಂಬ ಪಟ್ಟಿಯೇ ಬರುತ್ತದೆ. ಇವೆಲ್ಲ ಬೇಕು, ಬೇಡವೆನ್ನುವುದಿಲ್ಲ. ಇದೇ ಪಟ್ಟಿಯನ್ನು ಬ್ಯಾಂಕಿನ ಮ್ಯಾನೇಜರ್‌ಗೂ ಕೊಡಬಹುದು, ಸಾಫ್ಟ್‌ವೇರ್ ಕಂಪನಿಯ ಟೀಮ್ ಲೀಡರ್‌ಗೂ ಕೊಡಬಹುದು. ಜನಸೇವೆಯ ಇಲಾಖೆಯ ಮುಖ್ಯಸ್ಥನಿಗೆ ಮಾತ್ರ ಬೇಕಾದ ಒಂದು ಗುಣವಿದೆ. ಕೆಳಗೆ ಕಂಡದ್ದನ್ನು ಕಂಡ ಹಾಗೆ ಮೇಲಕ್ಕೆ ಬರೆಯುವುದು. ಇದು ಇಲ್ಲದಿದ್ದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ, ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ಕವಲು ರೈಲು ಹತ್ತಿದರೆ ಸಾಕು.

ಕೋಲಾರ ಚಿನ್ನದ ಗಣಿಯ ಬಗ್ಗೆ ಎಲ್ಲರಿಗೂ ಗೊತ್ತಿರುವುದು ಇಷ್ಟು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಅದೂ ಬೆಂಗಳೂರಿಗಿಂತ ಮೊದಲು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಈಗ ಸಿನಿಮಾದಿಂದಾಗಿ ಆ ಮೂರಕ್ಷರ ಜಗತ್ತಿಗೇ ಗೊತ್ತು. ಸಿನಿಮಾದಲ್ಲಿ ಬಾರದ ಒಂದು ವಿಷಯವಿದೆ. ಅಷ್ಟು ಆಳಕ್ಕೆ ಲಿಫ್ಟ್ ಇಳಿಸಿದ ಊರಿನಲ್ಲಿ, ಕಾರ್ಮಿಕರ ಲೈನುಗಳಲ್ಲಿ 1990ರ ದಶಕದವರೆಗೂ ಒಣ ಶೌಚಾಲಯಗಳಿದ್ದವು. ಅವುಗಳಲ್ಲಿನ ಮಲವನ್ನು ಮನುಷ್ಯರೇ ಬಕೆಟ್ಟಿಗೆ ತುಂಬಿ ಹೊತ್ತು ಹಾಕುತ್ತಿದ್ದರು.

ಬೆಜವಾಡ ವಿಲ್ಸನ್ 1966ರಲ್ಲಿ ಹುಟ್ಟಿದ್ದು ಈ ಕೆಲಸ ಮಾಡುತ್ತಿದ್ದವರ ಮನೆಯಲ್ಲಿ. ಅವರ ತಂದೆ, ಅಣ್ಣ ಇಬ್ಬರೂ ಕೆಜಿಎಫ್‌ನಲ್ಲಿ ಇದೇ ಕೆಲಸ ಮಾಡಿದವರು. 1980ರ ದಶಕದ ಕೊನೆಯ ಭಾಗದಲ್ಲಿ ವಿಲ್ಸನ್ ಗಣಿಯ ಆಡಳಿತಕ್ಕೆ, ಮಂತ್ರಿಗೆ, ಮುಖ್ಯಮಂತ್ರಿಗೆ, ಪ್ರಧಾನಿಗೆ ಪತ್ರ ಬರೆಯತೊಡಗಿದರು. ಹೆಚ್ಚಿನವಕ್ಕೆ ಉತ್ತರವೇ ಬರಲಿಲ್ಲ. 1993ರಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಸಂಸತ್ತಿನಲ್ಲಿ ಪಾಸಾಯಿತು. ಆಮೇಲೂ ಕೆಜಿಎಫ್‌ನಲ್ಲಿ ಕೆಲಸ ಹಾಗೆಯೇ ನಡೆಯಿತು. ಕೊನೆಗೆ ವಿಲ್ಸನ್ ಆ ಶೌಚಾಲಯಗಳ ಫೋಟೊ ತೆಗೆದು ಪತ್ರಿಕೆಗೆ ಕಳಿಸಿದರು. ವರದಿ ಪ್ರಕಟವಾಗಿ ದೆಹಲಿಯಲ್ಲಿ ಗದ್ದಲವಾದ ಮೇಲೆ ಅಧಿಕಾರಿಗಳು ಬಂದು ನೋಡಿದರು, ಶೌಚಾಲಯಗಳನ್ನು ನೀರಿನ ವ್ಯವಸ್ಥೆಗೆ ಬದಲಾಯಿಸಿದರು, ಆ ಕಾರ್ಮಿಕರಿಗೆ ಬೇರೆ ಕೆಲಸ ಕೊಟ್ಟರು. ಮುಂದೆ ಸಫಾಯಿ ಕರ್ಮಚಾರಿ ಆಂದೋಲನ ಹುಟ್ಟಿತು, 2016ರಲ್ಲಿ ವಿಲ್ಸನ್‌ಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪ್ರಚಲಿತ ವಿದ್ಯಮಾನದ ಗೈಡ್‌ಗಳಲ್ಲಿ ನಮಗೆ ಸಿಗುವುದು ಈ ಕೊನೆಯ ಸಾಲೊಂದೇ.

ಈ ಕಥೆಯನ್ನು ಹೋರಾಟದ ಕಥೆಯಾಗಿ ಹೇಳುವುದು ರೂಢಿ. ನಾನು ಅದನ್ನು ಆಡಳಿತದ ಕಥೆಯಾಗಿ ಓದುತ್ತೇನೆ. ಅಧಿಕಾರಿಗಳಿಗೆ ನಿಯಮ ಗೊತ್ತಿರಲಿಲ್ಲವೇ? ಕರ್ನಾಟಕದಲ್ಲಿ ಹಾಗೆ ಹೇಳುವುದು ಕಷ್ಟ. ತಲೆಯ ಮೇಲೆ ಮಲ ಹೊರುವುದನ್ನು ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ನಿಷೇಧಿಸಿದ್ದರು. 1993ರ ಕಾಯ್ದೆಯೂ ಬೇರೆ ಯಾರೋ ನಮ್ಮ ಮೇಲೆ ಹೇರಿದ್ದಲ್ಲ. ಅಂಥ ಕಾಯ್ದೆ ಬೇಕು ಎಂದು ನಿರ್ಣಯ ಮಾಡಿ ಸಂಸತ್ತನ್ನು ಕೇಳಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಂದರೆ ನಿಯಮ ಕೇಳಿದವರೂ ನಾವೇ, ಪಾಲಿಸದವರೂ ನಾವೇ. ಕಾಣಿಸದಷ್ಟು ಮೂಲೆಯ ಜಾಗವೂ ಅದಾಗಿರಲಿಲ್ಲ. ಸಾವಿರಾರು ಕುಟುಂಬಗಳಿದ್ದ ಕಾಲೊನಿಗಳು ಅವು. ಅಧಿಕಾರಿಗಳು ದಿನಾ ಅದೇ ರಸ್ತೆಯಲ್ಲಿ ಓಡಾಡುತ್ತಿದ್ದರು. ನೋಡಿದ್ದನ್ನು ಕಡತದಲ್ಲಿ ಬರೆಯುವ ಒಬ್ಬ ಮುಖ್ಯಸ್ಥ ಇರಲಿಲ್ಲ. ಆ ಕೆಲಸವನ್ನು ಸರ್ಕಾರದ ಸಂಬಳವಿಲ್ಲದ ಒಬ್ಬ ಯುವಕ ಕ್ಯಾಮೆರಾ ಹಿಡಿದು ಮಾಡಬೇಕಾಯಿತು.

ಇದು ಒಂದು ಊರಿನ ಮಾತಲ್ಲ ಎಂಬುದಕ್ಕೆ ಸುಪ್ರೀಂ ಕೋರ್ಟಿನ ಕಡತವೇ ಸಾಕ್ಷಿ. 2003ರಲ್ಲಿ ಆಂದೋಲನ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದಾಗ ಹಲವು ರಾಜ್ಯಗಳು ತಮ್ಮಲ್ಲಿ ಅಂಥ ಪದ್ಧತಿಯೇ ಇಲ್ಲವೆಂದವು. ಆ ರಾಜ್ಯಗಳ ಫೋಟೊ, ಮಾಹಿತಿಗಳನ್ನು ಅರ್ಜಿದಾರರೇ ತಂದು ಕೊಡಬೇಕಾಯಿತು. 2014ರ ಮಾರ್ಚ್ 27ರಂದು ತೀರ್ಪು ಬಂತು. 1993ರಿಂದೀಚೆಗೆ ಮ್ಯಾನ್‌ಹೋಲ್, ಮಲದ ಗುಂಡಿಗಳಲ್ಲಿ ಸತ್ತವರ ಕುಟುಂಬಕ್ಕೆ ₹10 ಲಕ್ಷ ಪರಿಹಾರ ಕೊಡಬೇಕೆಂದು ನ್ಯಾಯಾಲಯ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಆ ಮೊತ್ತವನ್ನು ₹30 ಲಕ್ಷಕ್ಕೆ ಏರಿಸಿತು. ಅರ್ಜಿ ಹಾಕಿದ ಮೇಲೂ ಸಾವುಗಳು ನಿಲ್ಲಲಿಲ್ಲ. ವಿಲ್ಸನ್ ಹುಟ್ಟಿದ ಕೆಜಿಎಫ್‌ನಲ್ಲೇ 2011ರಲ್ಲಿ ಮಲದ ಗುಂಡಿಗೆ ಇಳಿದ ಕಾರ್ಮಿಕರು ಉಸಿರುಗಟ್ಟಿ ಸತ್ತರು.

'ಇಲ್ಲ' ಎಂದು ಬರೆಯುವುದರ ಬೆಲೆ ಎಷ್ಟು ಎಂದು ಲೆಕ್ಕ ಹಾಕಬಹುದು. 2013ರ ಹೊಸ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆ ಸಮೀಕ್ಷೆ ನಡೆಸಬೇಕು, ಅದರ ಜಾರಿಯ ಹೊಣೆ ಜಿಲ್ಲಾಧಿಕಾರಿಯ ಮೇಲಿದೆ. ಸಮೀಕ್ಷೆಯಲ್ಲಿ ಗುರುತಿಸಲ್ಪಟ್ಟವರಿಗೆ ಒಂದು ಬಾರಿಯ ನೆರವಾಗಿ ₹40,000, ಸ್ವಂತ ಕೆಲಸಕ್ಕೆ ಸಾಲ, ಸಬ್ಸಿಡಿ, ತರಬೇತಿ, ಮಕ್ಕಳಿಗೆ ವಿದ್ಯಾರ್ಥಿವೇತನ ಸಿಗುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಏನೂ ಇಲ್ಲ. ಆದರೆ ಹೆಸರು ಬರೆದರೆ, ಈ ಕೆಲಸ ನನ್ನ ವ್ಯಾಪ್ತಿಯಲ್ಲಿ ನಡೆದಿತ್ತು ಎಂದು ಅಧಿಕಾರಿಯೇ ಒಪ್ಪಿಕೊಂಡಂತಾಗುತ್ತದೆ. ಕಾಯ್ದೆ ಪ್ರಕಾರ ಅದು ಅಪರಾಧ ಬೇರೆ. ಸೊನ್ನೆ ಬರೆದರೆ ಯಾರೂ ಪ್ರಶ್ನಿಸುವುದಿಲ್ಲ, ಸಂಖ್ಯೆ ಬರೆದರೆ ಮೇಲಿನಿಂದ ವಿವರಣೆ ಕೇಳುತ್ತಾರೆ. ಇಂಥ ಕಡೆ ಒಬ್ಬ ಹೊಸ ಅಧಿಕಾರಿ ಏನು ಬರೆಯುತ್ತಾನೆ? ಸಮಯ ಪಾಲನೆಯ ಕೋರ್ಸ್ ಇಲ್ಲಿ ಅವನ ಸಹಾಯಕ್ಕೆ ಬರುವುದಿಲ್ಲ.

ಅಂಗನವಾಡಿಯ ವಿಷಯದಲ್ಲೂ ಇದೇ ಒತ್ತಡವಿದೆ, ರೂಪ ಬೇರೆ ಅಷ್ಟೆ. ನನ್ನ ಚಿಕ್ಕಮ್ಮ ಅಂಗನವಾಡಿ ಕಾರ್ಯಕರ್ತೆ, ಯಾವ ತಾಲ್ಲೂಕು ಎಂಬುದು ಬೇಡ. ತೂಕ ಕಡಿಮೆ ಇರುವ ಮಗುವನ್ನು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹಾಗೆಯೇ ದಾಖಲಿಸಿದರೆ ಮೊದಲು ಬರುವ ಪ್ರಶ್ನೆ, ನಿಮ್ಮ ಕೇಂದ್ರದಲ್ಲೇ ಯಾಕೆ ಹೆಚ್ಚು ಎಂದು. ಮಗುವಿಗೆ ಏನು ಮಾಡೋಣ ಎಂಬುದು ಆಮೇಲೆ. ತಿಂಗಳ ಸಭೆಯಲ್ಲಿ ಇದನ್ನೆಲ್ಲ ಹೇಳಬಾರದಾ ಎಂದು ಕೇಳಿದ್ದಕ್ಕೆ ಅವರು, 'ಮೀಟಿಂಗಲ್ಲಿ ಮಾತಾಡೋದೇನು ಬಂತು ಕಣೋ, ಕೇಳಿದ ನಂಬರ್ ಹೇಳಿ ಬರೋದಷ್ಟೆ' ಎಂದರು. ಚಿಕ್ಕಮ್ಮನಿಗೆ ಎಷ್ಟು ತರಬೇತಿ ಕೊಟ್ಟರೂ ಈ ಸಭೆ ಬದಲಾಗುವುದಿಲ್ಲ. ಬದಲಾಗಬೇಕಾದದ್ದು ಮೇಜಿನ ಆ ಕಡೆ ಕೂತವರು ಕೇಳುವ ಮೊದಲ ಪ್ರಶ್ನೆ.

ಕೆಜಿಎಫ್‌ನಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಯಾವ ಸಮಸ್ಯೆಯೂ ಒಂದೇ ಇಲಾಖೆಯದಲ್ಲ. ಗಣಿ ಕಾರ್ಮಿಕರ ಲೈನುಗಳ ಜಾಗ ಬಿಜಿಎಂಎಲ್‌ನದು, ಅಂದರೆ ಕೇಂದ್ರದ ಗಣಿ ಸಚಿವಾಲಯದ್ದು. ರಾಬರ್ಟ್‌ಸನ್‌ಪೇಟೆಯ ರಸ್ತೆ, ಚರಂಡಿ ನಗರಸಭೆಯದು. ಪಿಂಚಣಿ ಕಂದಾಯ ಇಲಾಖೆಯದು, ವಿದ್ಯಾರ್ಥಿವೇತನ ಸಮಾಜ ಕಲ್ಯಾಣದ್ದು. ಗಣಿಯ ಕಾಲದಲ್ಲಿ ಇವುಗಳ ನಡುವೆ ಸ್ಯಾನಿಟರಿ ಬೋರ್ಡ್ ಎಂಬ ಇನ್ನೊಂದು ಸಂಸ್ಥೆಯೂ ಇತ್ತು. 2017ರ ಬಜೆಟ್‌ನಲ್ಲಿ ಘೋಷಿಸಿದ ಹೊಸ ತಾಲ್ಲೂಕುಗಳಲ್ಲಿ ಕೆಜಿಎಫ್ ಕೂಡ ಸೇರಿತು, ಅಲ್ಲಿಯವರೆಗೆ ಅದು ಬಂಗಾರಪೇಟೆ ತಾಲ್ಲೂಕಿನ ಭಾಗ. ತಮಾಷೆಯೆಂದರೆ ಪೊಲೀಸ್ ಇಲಾಖೆಗೆ ಮಾತ್ರ ಕೆಜಿಎಫ್ ಮೊದಲಿನಿಂದಲೂ ಪ್ರತ್ಯೇಕ ಜಿಲ್ಲೆ. ಕೋಲಾರಕ್ಕೊಬ್ಬರು ಎಸ್‌ಪಿ, ಕೆಜಿಎಫ್‌ಗೊಬ್ಬರು. ಕಾವಲಿಗೆ ಪ್ರತ್ಯೇಕ ಮುಖ್ಯಸ್ಥ ಬೇಕು ಎಂದು ಸರ್ಕಾರಕ್ಕೆ ಬಹಳ ಹಿಂದೆಯೇ ಹೊಳೆದಿತ್ತು, ಕಲ್ಯಾಣಕ್ಕೂ ಬೇಕು ಎಂದು ಹೊಳೆಯಲಿಲ್ಲ.

ಇದರ ಜೊತೆಗೆ ಭಾಷೆ. ಕೆಜಿಎಫ್‌ನ ಎಷ್ಟೋ ಮನೆಗಳಲ್ಲಿ ತಮಿಳು, ಇನ್ನೆಷ್ಟೋ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ. ವಯಸ್ಸಾದ ವಿಧವೆಯೊಬ್ಬರು ತಮ್ಮ ಕಷ್ಟವನ್ನು ತಮಿಳಿನಲ್ಲಿ ಹೇಳಿಕೊಂಡರೆ ಎದುರಿಗಿದ್ದ ಅಧಿಕಾರಿಗೆ ಅರ್ಥವಾಗಬೇಕಲ್ಲ. ಉತ್ತರ ಕರ್ನಾಟಕದಿಂದಲೋ ಮಲೆನಾಡಿನಿಂದಲೋ ಇಲ್ಲಿಗೆ ಬರುವ ಅಧಿಕಾರಿಗೆ ಮೂರು ತಿಂಗಳಲ್ಲಿ ಕೇಳಿ ಅರ್ಥಮಾಡಿಕೊಳ್ಳುವಷ್ಟು ತಮಿಳು, ತೆಲುಗು ಕಲಿಸುವುದು ಕೂಡ ನಾಯಕತ್ವದ ತರಬೇತಿಯೇ. ಕಚೇರಿಯ ಬರವಣಿಗೆ ಕನ್ನಡದಲ್ಲಿರಲಿ, ಅದರಲ್ಲಿ ಎರಡು ಮಾತಿಲ್ಲ. ಕಿವಿ ಮಾತ್ರ ಮೂರು ಭಾಷೆಯದಿರಲಿ.

ಹಲವು ಇಲಾಖೆಗಳ ನಡುವೆ ಒಂದು ಜೀವ ಕಳೆದುಹೋಗುವುದು ನಮ್ಮ ದೇಶದ ರೋಗ ಮಾತ್ರವಲ್ಲ. 2000ದ ಫೆಬ್ರುವರಿಯಲ್ಲಿ ಲಂಡನ್‌ನಲ್ಲಿ ವಿಕ್ಟೋರಿಯಾ ಕ್ಲಿಂಬಿ ಎಂಬ ಎಂಟು ವರ್ಷದ ಹುಡುಗಿ ಮನೆಯವರ ಹಿಂಸೆಯಿಂದ ಸತ್ತಳು. ಆಸ್ಪತ್ರೆ, ಪೊಲೀಸ್, ಸ್ಥಳೀಯ ಆಡಳಿತದ ಸಮಾಜ ಸೇವಾ ವಿಭಾಗ, ಎಲ್ಲರೂ ಅವಳನ್ನು ನೋಡಿದ್ದರು. ಅವಳನ್ನು ಉಳಿಸಿಕೊಳ್ಳಲು ಕನಿಷ್ಠ 12 ಅವಕಾಶಗಳಿದ್ದವು ಎಂದು 2003ರಲ್ಲಿ ಲಾರ್ಡ್ ಲ್ಯಾಮಿಂಗ್ ವರದಿ ಹೇಳಿತು. ಮನೆಗೆ ಹೋಗಿ ಬರುವ ಸಣ್ಣ ನೌಕರರ ಮೇಲಷ್ಟೇ ತಪ್ಪು ಹೊರಿಸದೆ, ಮೇಲೆ ಕೂತು ತಮಗೆ ತಿಳಿದಿರಲಿಲ್ಲ ಎಂದ ಹಿರಿಯರನ್ನು ವರದಿ ಗಟ್ಟಿಯಾಗಿ ಪ್ರಶ್ನಿಸಿತು. ಮರುವರ್ಷ, 2004ರಲ್ಲಿ, ಪ್ರತಿ ಸ್ಥಳೀಯ ಆಡಳಿತದಲ್ಲೂ ಮಕ್ಕಳ ಸೇವೆಗಳಿಗೆ ಉತ್ತರದಾಯಿಯಾದ ಒಬ್ಬ ನಿರ್ದೇಶಕ ಇರಲೇಬೇಕು ಎಂಬ ಕಾನೂನು ಇಂಗ್ಲೆಂಡಿನಲ್ಲಿ ಬಂತು. ಅಲ್ಲಿಗೆ ಎಲ್ಲ ಸರಿಹೋಗಲಿಲ್ಲ. 2007ರಲ್ಲಿ ಅದೇ ಹ್ಯಾರಿಂಗೇ ಪ್ರದೇಶದಲ್ಲಿ ಇನ್ನೊಂದು ಹಸುಗೂಸು ಹಾಗೆಯೇ ಸತ್ತಿತು. ಆಗ ಮತ್ತೆ ಬಂದ ಲ್ಯಾಮಿಂಗ್ ವರದಿಯ ಒಂದು ಶಿಫಾರಸು ನನಗೆ ಬಹಳ ಹಿಡಿಸಿತು. ಮಕ್ಕಳ ರಕ್ಷಣೆಯಲ್ಲಿ ನೇರ ಅನುಭವವಿಲ್ಲದ ನಿರ್ದೇಶಕರು ಆ ಅನುಭವವಿರುವ ಹಿರಿಯರೊಬ್ಬರನ್ನು ಜೊತೆಗೆ ನೇಮಿಸಿಕೊಳ್ಳಬೇಕು ಎಂಬುದು ಅದು. ನಮ್ಮಲ್ಲಿ ಪರೀಕ್ಷೆ ಪಾಸಾದವರಿಗೆ ಅನುಭವವಿಲ್ಲ ಎಂದು ಹೇಳುವುದೇ ಅವಮಾನ ಎಂಬಂತಾಗಿದೆ.

ಇಷ್ಟೆಲ್ಲ ಏಕೆ, ಒಳ್ಳೆಯ ಅಧಿಕಾರಿ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಕೋಲಾರ ಜಿಲ್ಲೆಯಲ್ಲಿ ಯಾರಾದರೂ ಹೇಳಿದರೆ ಅದಕ್ಕೆ ಕಾರಣವಿದೆ. 2013–14ರಲ್ಲಿ ಇಲ್ಲಿ ಜಿಲ್ಲಾಧಿಕಾರಿಯಾಗಿದ್ದ ಡಿ.ಕೆ. ರವಿ ಅವರನ್ನು ಜನ ಇಂದಿಗೂ ನೆನೆಯುತ್ತಾರೆ. ಹಳ್ಳಿಗಳಲ್ಲಿ ಅದಾಲತ್ ನಡೆಸಿ ಪಿಂಚಣಿ, ಖಾತೆ, ಜಮೀನಿನ ತಕರಾರುಗಳನ್ನು ಜನರ ಮುಂದೆಯೇ ಇತ್ಯರ್ಥ ಮಾಡುತ್ತಿದ್ದರು. ಅವರ ವರ್ಗಾವಣೆಯಾದಾಗ ಜನ ಬೀದಿಗಿಳಿದರು. ಆ ಪ್ರೀತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಒಬ್ಬ ಜಿಲ್ಲಾಧಿಕಾರಿ ಹೋದರೆ ನಮ್ಮ ಪಿಂಚಣಿಯ ಗತಿಯೇನು ಎಂದು ಜನ ಭಯಪಟ್ಟರು ಎಂದರೆ, ಆ ಕೆಲಸ ತಾಲ್ಲೂಕು ಕಚೇರಿಯ ಅಭ್ಯಾಸವಾಗಿರಲಿಲ್ಲ ಎಂದೇ ಅರ್ಥ. ಅವರು ಮಾಡಿದ್ದರಲ್ಲಿ ಕಲಿಸಬಹುದಾದ ಅಂಶ ಬಹಳವಿತ್ತು. ಕಚೇರಿಯಲ್ಲಿ ಕೂರದೆ ಫೈಲನ್ನು ಊರಿಗೆ ಒಯ್ಯುವುದು, ತಳಮಟ್ಟದ ಸಿಬ್ಬಂದಿಯನ್ನೂ ಅರ್ಜಿದಾರರನ್ನೂ ಒಂದೇ ಕಡೆ ಕೂರಿಸುವುದು, ಅಲ್ಲೇ ಸಹಿ ಮಾಡುವುದು. ಇದಕ್ಕೆ ಅಸಾಧಾರಣ ಪ್ರತಿಭೆ ಬೇಕಿಲ್ಲ. ತಾಲ್ಲೂಕು ಮಟ್ಟದ ಪ್ರತಿ ಅಧಿಕಾರಿಗೂ ಇದನ್ನು ಮಾಡಿಸಿ ನೋಡಿ ಕಲಿಸಬಹುದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಎಷ್ಟೇ ಕಲಿಸಿದರೂ, ಸತ್ಯ ಬರೆದ ಅಧಿಕಾರಿಯನ್ನು ಮರುದಿನವೇ ಎತ್ತಂಗಡಿ ಮಾಡಿದರೆ ಏನು ಪ್ರಯೋಜನ? ನಿಜ, ತರಬೇತಿಯೊಂದೇ ಸಾಲದು. ಆದರೆ ರಕ್ಷಣೆಯ ದಾರಿಗಳು ಇವೆ ಎಂಬುದೂ ನಮಗೆ ಗೊತ್ತಿಲ್ಲ. ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ 2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಎರಡು ಮುಖ್ಯ ಮಾತು ಹೇಳಿತು. ಅಧಿಕಾರಿಗಳಿಗೆ ಕನಿಷ್ಠ ಅವಧಿ ಇರಬೇಕು. ಅವರು ಬಾಯಿಮಾತಿನ ಆದೇಶದ ಮೇಲೆ ಕೆಲಸ ಮಾಡಬಾರದು, ಅಂಥ ಸೂಚನೆ ಬಂದರೆ ಅದನ್ನು ದಾಖಲಿಸಬೇಕು. ನಮ್ಮ ಗೈಡ್‌ಗಳಲ್ಲಿ ಈ ತೀರ್ಪಿನ ವರ್ಷ ಇರುತ್ತದೆ. 'ಆ ಸಂಖ್ಯೆ ಕಡಿಮೆ ಮಾಡಿ ಕಳಿಸ್ರೀ' ಎಂದು ಫೋನ್ ಬಂದಾಗ, ಆ ಮಾತನ್ನು ಜಗಳವಿಲ್ಲದೆ, ಅಧಿಕ ಪ್ರಸಂಗ ಅನ್ನಿಸಿಕೊಳ್ಳದೆ ಕಡತದಲ್ಲಿ ಎರಡು ಸಾಲಿನ ಟಿಪ್ಪಣಿಯಾಗಿ ಬರೆಯುವುದು ಹೇಗೆ ಎಂದು ಯಾವ ಗೈಡೂ ಹೇಳುವುದಿಲ್ಲ. ನನ್ನನ್ನು ಕೇಳಿದರೆ ಮೈಸೂರಿನ ತರಬೇತಿಯಲ್ಲಿ ಒಂದು ಇಡೀ ದಿನ ಇದಕ್ಕೇ ಮೀಸಲಿಡಬೇಕು. ಹಿರಿಯ ಅಧಿಕಾರಿಯೊಬ್ಬರು ಫೋನ್ ಮಾಡುವ ಮೇಲಧಿಕಾರಿಯ ಪಾತ್ರ ಮಾಡಲಿ, ಹೊಸಬರು ಟಿಪ್ಪಣಿ ಬರೆಯಲಿ, ಆಮೇಲೆ ಅದನ್ನು ಸಾಲು ಸಾಲಾಗಿ ತಿದ್ದಲಿ.

ಮಸ್ಸೂರಿಯ ಅಕಾಡೆಮಿಯಲ್ಲಿ ಐಎಎಸ್ ಪ್ರಶಿಕ್ಷಣಾರ್ಥಿಗಳನ್ನು ಹಳ್ಳಿಗೆ ಕಳಿಸುತ್ತಾರೆ, ದೇಶ ಸುತ್ತಿಸುತ್ತಾರೆ, ಸುಮಾರು ಒಂದು ವರ್ಷ ಜಿಲ್ಲೆಯಲ್ಲಿ ಇರಿಸುತ್ತಾರೆ. ಅದರ ಸಣ್ಣ ಪಾಲಾದರೂ ಸಹಾಯಕ ನಿರ್ದೇಶಕರಿಗೆ, ಸಿಡಿಪಿಒಗಳಿಗೆ, ಪೌರಾಯುಕ್ತರಿಗೆ ಬೇಡವೇ? ಜನ ದಿನಾ ಹೋಗುವುದು ಇವರ ಕಚೇರಿಗೇ. ಹೊಸದಾಗಿ ಆಯ್ಕೆಯಾದ ಈ ಮೂರೂ ಇಲಾಖೆಯವರನ್ನು ಒಟ್ಟಿಗೇ ಎರಡು ವಾರ ಕೆಜಿಎಫ್‌ಗೆ ಕಳಿಸಿ ಎನ್ನುತ್ತೇನೆ ನಾನು. ಒಟ್ಟಿಗೇ ಎಂಬುದು ಮುಖ್ಯ, ಏಕೆಂದರೆ ಮುಂದೆ ಅವರ ಫೈಲುಗಳು ಓಡಾಡುವುದು ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ. ಪಾಠ ಹೇಳಲು ದೊಡ್ಡವರು ಬೇಕಿಲ್ಲ. ಒಂದು ದಿನ ಪೌರಕಾರ್ಮಿಕರು ಹೇಳಲಿ, ಒಂದು ದಿನ ಅಂಗನವಾಡಿ ಕಾರ್ಯಕರ್ತೆಯರು ಹೇಳಲಿ, ಒಂದು ದಿನ ಹಾಸ್ಟೆಲ್ ಅಡುಗೆಯವರು ಹೇಳಲಿ. ಅವರಿಗೆ ಅತಿಥಿ ಉಪನ್ಯಾಸಕರ ಗೌರವಧನವನ್ನೇ ಕೊಡಲಿ. ಕೊನೆಯಲ್ಲಿ ಪ್ರಶಿಕ್ಷಣಾರ್ಥಿಗಳು ಮೂವರ ತಂಡವಾಗಿ ಒಂದೊಂದು ಲೈನ್ ಸುತ್ತಿ ಶೌಚಾಲಯ, ಪಿಟ್, ಚರಂಡಿ, ಅಂಗನವಾಡಿಗಳ ಸ್ಥಿತಿಯನ್ನು ಬರೆಯಲಿ. ಅದೇ ಲೈನ್ ಬಗ್ಗೆ ಸರ್ಕಾರಿ ಕಡತದಲ್ಲಿ ಏನಿದೆ ಎಂದು ಪಕ್ಕಕ್ಕಿಟ್ಟು ನೋಡಲಿ. ಎರಡೂ ಒಂದೇ ಆಗಿದ್ದರೆ ಸಂತೋಷ. ಬೇರೆಯಾಗಿದ್ದರೆ, ಆ ವ್ಯತ್ಯಾಸವನ್ನು ಜಿಲ್ಲಾಧಿಕಾರಿಗೆ ಪತ್ರವಾಗಿ ಬರೆದು, ಮೂವರೂ ಸಹಿ ಮಾಡಿ, ಆವಕ ಸಂಖ್ಯೆ ಹಾಕಿಸಿಕೊಂಡು ಬಂದ ಮೇಲೆಯೇ ತರಬೇತಿಯ ಪ್ರಮಾಣಪತ್ರ ಕೊಡಲಿ.